ಅನ್ನದ ಮೋಡಿ

ಕುಣಿಗಲ್‌ನಲ್ಲಿರುವ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ಸಮ್ಮೋಹನದಿಂದ ಸಿಹಿಯ ಆಸೆ ಬಿಡಿಸಬಹುದಂತೆ ಎಂದು ಯಾರೋ ಹೇಳಿದಾಗ, 'ಜಾದೂ ಮಾಡಿಸ್ತೀರಾ?' ಎಂದು ಹೆದರಿದಳು.

ಅದು ಜಾದೂ ಅಲ್ಲ, ನಿದ್ರೆಯೂ ಅಲ್ಲ. ನಿದ್ರೆಯ ಗ್ರೀಕ್ ಪದದಿಂದ ಬಂದ 'ಹಿಪ್ನಾಟಿಸಂ' ಎಂಬ ಹೆಸರನ್ನು ಬಳಕೆಗೆ ತಂದ ವೈದ್ಯ ಜೇಮ್ಸ್ ಬ್ರೈಡ್, ಮುಂದೆ ತಾನೇ, ಮನಸ್ಸು ಒಂದೇ ವಿಚಾರದಲ್ಲಿ ನೆಲೆಸುವುದು ಎಂಬರ್ಥದ ಬೇರೆ ಹೆಸರು ಸೂಚಿಸಿದ. ಒಪ್ಪಿದ ಮನಸ್ಸಿಗಷ್ಟೇ ಸಲಹೆ ನಾಟುತ್ತದೆ. ಪಥ್ಯ, ನಡಿಗೆಯ ಜೊತೆಗೆ ಅದು ಸ್ವಲ್ಪ ನೆರವಾಗಬಹುದು, ಔಷಧಿಗೆ ಬದಲಿಯಲ್ಲ.

ಒಂದೇ ವಿಚಾರದಲ್ಲಿ ನೆಲೆಸುವುದೇ ಸಮ್ಮೋಹನವಾದರೆ, ನಮ್ಮ ಸೀಮೆ ಎಂದೋ ಅದಕ್ಕೆ ಒಳಗಾಗಿದೆ. ರಾಗಿ ಬೆಳೆಯುವ ಗುಬ್ಬಿ, ಕುಣಿಗಲ್ ಕಡೆ ಅನ್ನ ಹಬ್ಬದ ಊಟ, ಮುದ್ದೆ ಬಡವರದು ಎಂಬ ಕಾಲವಿತ್ತು. 'ನೆಂಟರಿಗೆ ಮುದ್ದೆ ಇಡೋದಾ?' ಎಂಬ ಅಮ್ಮನ ಮಾತು ಅಕ್ಕನೊಳಗೆ ಇನ್ನೂ ಕೂತಿದೆ. ತುಮಕೂರಿನ ಮದುವೆಗಳಲ್ಲಿ ತಟ್ಟೆಗೆ ಬಿರಿಯಾನಿ ಸುರಿದು 'ನನ್ನಾಣೆ, ಇನ್ನೊಂಚೂರು' ಎನ್ನುವ ಪ್ರೀತಿಗಿಂತ ದೊಡ್ಡ ಮೋಡಿಗಾರ ಯಾರಿದ್ದಾನೆ?

ಮುದ್ದೆಯೂ ಮದ್ದಲ್ಲ, ಅದಕ್ಕೂ ಅಳತೆ ಬೇಕು. ಆದರೆ ತಿನ್ನುವವರ ಮನಸ್ಸನ್ನಷ್ಟೇ ತಿದ್ದಿದರೆ ಸಾಲದು, ಬಡಿಸುವ ಕೈಯೂ ಬದಲಾಗಬೇಕು. ಕಳೆದ ಈದ್‌ಗೆ ಅಕ್ಕನ ಸೊಸೆ ಶೀರ್ ಖುರ್ಮಾಕ್ಕೆ ಚಿಕ್ಕ ಬಟ್ಟಲುಗಳನ್ನು ತಂದಳು, ಮನೆಯವರೆಲ್ಲರಿಗೂ. ಅಕ್ಕನೊಬ್ಬಳೇ ರೋಗಿಯಂತೆ ಕೂರಬೇಕಾಗಲಿಲ್ಲ. ಎರಡನೇ ಬಟ್ಟಲನ್ನು ಯಾರೂ ಒತ್ತಾಯಿಸಲಿಲ್ಲ, ಅವಳೂ ಕೇಳಲಿಲ್ಲ.