ಗದ್ದೆಗೆ ಹೋಗದ ನಾಲೆ

ಇಂಗ್ಲೆಂಡಿನ ದಕ್ಷಿಣದಲ್ಲಿ ರೆಡಿಂಗ್‌ನಿಂದ ಬ್ರಿಸ್ಟಲ್‌ವರೆಗೆ ಕೆನೆಟ್ ಅಂಡ್ ಏವನ್ ಎಂಬ ನಾಲೆಯೊಂದಿದೆ. ಉದ್ದ ಸುಮಾರು 140 ಕಿಲೋಮೀಟರ್. ಅದರ ಪಕ್ಕದಲ್ಲೇ ಒಂದು ಕಾಲುದಾರಿ ಸಾಗುತ್ತದೆ. ಇಲ್ಲಿಯವರು ಅದಕ್ಕೆ ಟೋಪಾತ್ ಅನ್ನುತ್ತಾರೆ. ಸರಕು ತುಂಬಿದ ದೋಣಿಗೆ ಹಗ್ಗ ಕಟ್ಟಿ, ಕುದುರೆ ಅದನ್ನು ಎಳೆದುಕೊಂಡು ಹೋಗಲೆಂದು ಇನ್ನೂರು ವರ್ಷಗಳ ಹಿಂದೆ ಮಾಡಿದ ದಾರಿ. ಈಗ ಕುದುರೆಗಳಿಲ್ಲ. ನಾಯಿ ಹಿಡಿದುಕೊಂಡು ನಡೆಯುವವರು, ಗಾಳ ಹಾಕಿ ಕೂತವರು, ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿದವರು, ಜೊತೆಗೆ ನನ್ನಂಥ ಸೈಕಲ್ಲಿನವರು ಇದ್ದಾರೆ. ಕಾರು, ಲಾರಿಗೆ ಮಾತ್ರ ಇಲ್ಲಿ ಜಾಗವಿಲ್ಲ.

ಇಂಥ ದಾರಿಗಳಿಗೆಂದೇ ಈಚೆಗೆ ಗ್ರಾವೆಲ್ ಬೈಕ್ ಎಂಬ ಸೈಕಲ್ ಬಂದಿದೆ. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್, ಆದರೆ ಟೈರು ದಪ್ಪ. ಜಲ್ಲಿ, ಮಣ್ಣು, ಹುಲ್ಲು ಯಾವುದರ ಮೇಲೂ ಜಗ್ಗದೆ ಹೋಗುತ್ತದೆ. ನಾನೊಂದು ಸೆಕೆಂಡ್ ಹ್ಯಾಂಡ್ ಕೊಂಡು ನಾಲ್ಕು ವರ್ಷವಾಯಿತು. ವಾರವಿಡೀ ಕಂಪ್ಯೂಟರ್ ಮುಂದೆ ಕೂತ ಮೈ ಶನಿವಾರ ಬಂತೆಂದರೆ ತಾನಾಗಿಯೇ ನಾಲೆ ಕಡೆ ತಿರುಗುತ್ತದೆ. ಮಂಡ್ಯ ಸೀಮೆಯವಳಿಗೆ ನಾಲೆ ಏರಿಯ ಮೇಲೆ ಸೈಕಲ್ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ.

ನಮ್ಮಪ್ಪ ವಿಶ್ವೇಶ್ವರಯ್ಯ ನಾಲೆಯ ನೀರುಗಂಟಿ. ಅದಕ್ಕೆ ಮೊದಲು ಇರ್ವಿನ್ ನಾಲೆ ಅನ್ನುತ್ತಿದ್ದರು, ಊರಿನ ಹಳಬರ ಬಾಯಲ್ಲಿ ಅದೇ ಹೆಸರಿತ್ತು. ಕನ್ನಂಬಾಡಿ ಕಟ್ಟೆಯಿಂದ ಹೊರಟು ಹುಲಿಕೆರೆಯ ಸುರಂಗ ದಾಟಿ ಬರುವ ನೀರನ್ನು ಸೀಳುನಾಲೆಗಳಿಗೆ ಬಿಡುವುದು, ಕಟ್ಟುನೀರಿನ ದಿನಗಳಲ್ಲಿ ಯಾರ ಸರದಿ ಎಂದು ನೋಡಿ ತೂಬು ತೆಗೆಯುವುದು, ಕೊನೆ ಭಾಗದ ರೈತನ ಬೈಗುಳ ಕೇಳುವುದು, ಇದು ಅಪ್ಪನ ಕೆಲಸ. ಅದಕ್ಕೆಲ್ಲ ಇದ್ದದ್ದು ಒಂದು ಅಟ್ಲಾಸ್ ಸೈಕಲ್. ಮುಂದಿನ ಬಾರ್ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸಿಕೊಂಡು ಏರಿ ಮೇಲೆ ಹೋಗುತ್ತಿದ್ದ. ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತದ ಗದ್ದೆ. ಎದುರಿಗೆ ಎತ್ತಿನಗಾಡಿ ಬಂದರೆ ಇಳಿದು ನಿಲ್ಲುತ್ತಿದ್ದೆವು.

ಆಮೇಲೆ ಏರಿಗೆ ಟಾರು ಬಂತು. ಕಬ್ಬಿನ ಟ್ರಾಕ್ಟರು, ಕಾರು, ಬಸ್ಸು ಎಲ್ಲವೂ ಏರಿ ಹತ್ತಿದವು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ನಾಲೆಗೆ ಬಿದ್ದು ಮೂವತ್ತು ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳಿದ್ದರು. ಅಲ್ಲಿ ರಸ್ತೆಗೂ ನೀರಿಗೂ ನಡುವೆ ತಡೆಗೋಡೆ ಇರಲಿಲ್ಲ. ಅದಾದ ವಾರ ಅಮ್ಮ ಸೈಕಲ್ಲಿನ ಬೀಗದ ಕೈಯನ್ನು ಅಕ್ಕಿ ಡಬ್ಬದೊಳಗೆ ಹಾಕಿಟ್ಟಳು. ಅಪ್ಪ ಕೇಳಲಿಲ್ಲ. ಅಷ್ಟು ಹೊತ್ತಿಗೆ ನಿವೃತ್ತನಾಗಿದ್ದ, ತೂಬು ನೋಡಲು ಹೋಗಬೇಕಾದ ನೆಪವೂ ಇರಲಿಲ್ಲ. ಮೂವತ್ತು ವರ್ಷ ದಿನವೂ ಏರಿ ತುಳಿದವನು ಜಗುಲಿಯ ಮೇಲೆ ಕೂತು ಟಿವಿ ನೋಡತೊಡಗಿದ. ಫೋನಿನಲ್ಲಿ ಅವನ ಮಾತು ಕಡಿಮೆಯಾಗುತ್ತ ಬಂತು.

ಹೋದ ವರ್ಷ ಮೇ ತಿಂಗಳಲ್ಲಿ ಅಪ್ಪ ಅಮ್ಮ ನಮ್ಮ ಮನೆಗೆ ಬಂದರು. ಅಮ್ಮನನ್ನು ಹೇಗೋ ಒಪ್ಪಿಸಿ, ಗೆಳತಿಯ ಗಂಡನ ಸೈಕಲ್ ಕೇಳಿ ತಂದು, ಒಂದು ಶನಿವಾರ ರೆಡಿಂಗ್‌ನಿಂದ ಬೆಡ್ವಿನ್‌ಗೆ ರೈಲು ಹತ್ತಿದೆವು. ಅಪ್ಪ ಮಂಕಿ ಕ್ಯಾಪಿನ ಮೇಲೆ ಹೆಲ್ಮೆಟ್ ಹಾಕಿಕೊಂಡ.

ಬೆಡ್ವಿನ್‌ ನಿಲ್ದಾಣದಿಂದ ನಾಲೆ ಕೂಗಳತೆಯಲ್ಲಿದೆ. ಅಪ್ಪ ಹತ್ತು ನಿಮಿಷ ಸೈಕಲ್ ತುಳಿದು ಇಳಿದುಬಿಟ್ಟ. ದಣಿವಾಯಿತೇನೋ ಎಂದು ನಾನು ಹೆದರಿದೆ. ಅವನು ನೀರು ನೋಡುತ್ತಿದ್ದ.

“ಇದ್ಯಾವ ಸೀಮೆ ನಾಲೆ ಕಣವ್ವ? ನೀರು ನಿಂತೇ ಅದಲ್ಲ! ಗದ್ದೆ ಎಲ್ಲವೆ? ತೂಬೆಲ್ಲಿ?”

ಗದ್ದೆಗೆ ಅಲ್ಲ ಅಪ್ಪ, ದೋಣಿಗೆ ಮಾಡಿದ್ದು ಅಂದೆ. ಅವನಿಗೆ ನಂಬಿಕೆ ಬರಲಿಲ್ಲ. ಒಂದು ತೆನೆಯನ್ನೂ ಬೆಳೆಸದ ನೀರಿಗೆ ಇಷ್ಟು ದೂರ ನೆಲ ಅಗೆದವರು ಯಾರು ಎಂಬಂತೆ ನೋಡಿದ. ಮುಂದೆ ಲಾಕ್ ಬಂತು. ಎರಡು ಬಾಗಿಲುಗಳ ನಡುವೆ ಒಂದು ಕಲ್ಲಿನ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಮೇಲಿನಿಂದ ನೀರು ತುಂಬಿಸಿ, ದೋಣಿಯನ್ನು ಮೇಲಕ್ಕೇರಿಸುತ್ತಾರೆ. ಗಂಡ ಹೆಂಡತಿ ಇಬ್ಬರು ತಮ್ಮ ಉದ್ದನೆಯ ದೋಣಿಯನ್ನು ಹಾಗೆ ಏರಿಸುತ್ತಿದ್ದರು. ಅಪ್ಪ ಸೈಕಲ್ ಬದಿಗಿಟ್ಟು, ಬಾಗಿಲ ತೊಲೆಗೆ ಬೆನ್ನು ಕೊಟ್ಟು ಅವರ ಜೊತೆ ತಳ್ಳಿದ. ಅವರಿಗೂ ಇವನಿಗೂ ಒಂದೇ ಒಂದು ಮಾತು ಗೊತ್ತಿಲ್ಲ, ಕೆಲಸ ಮಾತ್ರ ಸರಾಗ ನಡೆಯಿತು.

“ಅಲ್ಲ, ಬಾಗಿಲು ತೆಗೆದಾಗೆಲ್ಲ ನೀರು ಕೆಳಕ್ಕೆ ಹೋಯ್ತದೆ. ಮ್ಯಾಲಕ್ಕೆ ತುಂಬೋರ್ಯಾರು?”

ನಾಲ್ಕು ವರ್ಷ ಈ ದಾರಿಯಲ್ಲಿ ಓಡಾಡಿದ ನನಗೆ ಬಾರದ ಪ್ರಶ್ನೆ ನೀರುಗಂಟಿಗೆ ಅರ್ಧ ಗಂಟೆಯಲ್ಲಿ ಬಂದಿತ್ತು. ಉತ್ತರ ಮೂರು ಕಿಲೋಮೀಟರ್ ಆಚೆಗೇ ಇತ್ತು. ಕ್ರಾಫ್ಟನ್ ಎಂಬಲ್ಲಿ ನಾಲೆ ತನ್ನ ನೆತ್ತಿಗೆ ಹತ್ತುತ್ತದೆ. ಅಲ್ಲಿಗೆ ಹರಿದು ಬರುವ ಹೊಳೆ ಯಾವುದೂ ಇಲ್ಲ. ಹಾಗಾಗಿ ತಗ್ಗಿನ ಕೆರೆಯಿಂದ ಸುಮಾರು 12 ಮೀಟರ್ ಮೇಲಕ್ಕೆ ನೀರೆತ್ತಲು ಉಗಿಯಂತ್ರ ಕೂರಿಸಿದರು. 1812ರ ಆ ಬೋಲ್ಟನ್ ಅಂಡ್ ವಾಟ್ ಯಂತ್ರ ಇನ್ನೂ ಅದೇ ಮನೆಯಲ್ಲಿದೆ. ದಿನದ ಕೆಲಸ ಈಗ ವಿದ್ಯುತ್ ಪಂಪಿನದು. ಆದರೂ ಕೆಲವು ದಿನ ಸ್ವಯಂಸೇವಕರು ಕಲ್ಲಿದ್ದಲು ಹಾಕಿ ಹಳೆಯದನ್ನು ಓಡಿಸುತ್ತಾರೆ. ನಾವು ಹೋದ ದಿನ ಅದು ಓಡುತ್ತಿರಲಿಲ್ಲ. ಅಪ್ಪ ಅದರ ಮುಂದೆ ಚಪ್ಪಲಿ ಬಿಡುವುದೊಂದು ಬಾಕಿ.

ಮುಂದೆ ನಾಲೆ ಬ್ರೂಸ್ ಸುರಂಗದೊಳಗೆ ಹೋಗುತ್ತದೆ. ಉದ್ದ 459 ಮೀಟರ್. ಒಳಗೆ ಕಾಲುದಾರಿಯಿಲ್ಲ. ದೋಣಿಯವರು ಗೋಡೆಗೆ ಬಿಗಿದ ಸರಪಳಿ ಹಿಡಿದು ಕೈಯಲ್ಲೇ ಎಳೆದುಕೊಂಡು ದಾಟುತ್ತಿದ್ದರಂತೆ; ಕುದುರೆಗೆ ಆ ಹೊತ್ತು ರಜೆ, ಅದು ಗುಡ್ಡದ ಮೇಲೆ ನಡೆದು ಆಚೆ ಬದಿ ಕಾಯುತ್ತಿತ್ತು. ನಾವೂ ಕುದುರೆಯ ದಾರಿಯಲ್ಲೇ ಗುಡ್ಡ ಹತ್ತಿ, ಅಲ್ಲಿಂದ ಸ್ಯಾವರ್ನೇಕ್ ಕಾಡಿಗೆ ತಿರುಗಿದೆವು. ಬೀಚ್ ಮರಗಳ ಎಳೆ ಎಲೆಯಿಂದ ಬೆಳಕು ಹಸಿರಾಗಿ ಸೋಸಿ ಬರುತ್ತಿತ್ತು. ಜಲ್ಲಿ ದಾರಿಯಲ್ಲಿ ಟೈರಿನ ಸದ್ದೊಂದೇ. ಈ ಕಾಡು ಖಾಸಗಿಯವರದು. ವರ್ಷದ ಉಳಿದೆಲ್ಲ ದಿನ ಯಾರು ಬೇಕಾದರೂ ಬರಬಹುದು. ಒಂದು ದಿನ ಮಾತ್ರ ಮುಚ್ಚುತ್ತಾರೆ, ಇದು ಸಾರ್ವಜನಿಕರ ಹಕ್ಕಲ್ಲ ಎಂದು ನೆನಪಿಸಲು. ಅದನ್ನು ಕೇಳಿ ಅಪ್ಪ ನಕ್ಕ. “ಗೌಡರು ಎಲ್ಲಾ ಕಡೆ ಗೌಡರೇ ಬುಡು.”

ವುಟ್ಟನ್ ರಿವರ್ಸ್ ಎಂಬ ಹಳ್ಳಿಯಿಂದ ಮುಂದೆ ಡಿವೈಜಸ್‌ವರೆಗೆ 24 ಕಿಲೋಮೀಟರ್ ಒಂದೂ ಲಾಕ್ ಇಲ್ಲ. ಅಷ್ಟೂ ದೂರ ನೀರು ಒಂದೇ ಮಟ್ಟ, ದಾರಿಯೂ ಮಟ್ಟಸ. ಆ ದಾರಿಯಲ್ಲಿ ಪ್ಯೂಸಿವರೆಗೆ ಹೋದೆವು. ಹುಲ್ಲು ಬೆಳೆದು ಒಂದಡಿ ಅಗಲವಷ್ಟೇ ಉಳಿದ ಕಡೆ ಅಪ್ಪ ಮುಂದೆ, ನಾನು ಹಿಂದೆ. ಎದುರಿಗೆ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ಅಪ್ಪ ಬೆಲ್ಲು ಹೊಡೆಯಲಿಲ್ಲ. ದೂರದಿಂದಲೇ ಇಳಿದು, ಸೈಕಲ್ಲನ್ನು ಹುಲ್ಲಿಗೆ ಒರಗಿಸಿ ನಿಂತ. ಎತ್ತಿನಗಾಡಿಗೆ ನಿಲ್ಲುತ್ತಿದ್ದ ಹಾಗೆಯೇ. ಅವಳು ಥ್ಯಾಂಕ್ಯೂ ಎಂದು ದಾಟಿ ಹೋದಳು. ಈ ದಾರಿಯ ಕಟ್ಟಳೆ ಅದೇ: ನಡೆಯುವವರು ಮೊದಲು, ಸೈಕಲ್ಲು ಆಮೇಲೆ. ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಪ್ಯೂಸಿ ನಿಲ್ದಾಣದಲ್ಲಿ ರೈಲು ಕಾಯುತ್ತ ನಾಲೆಯ ಕತೆ ಹೇಳಿದೆ. 1810ರಲ್ಲಿ ಪೂರ್ತಿಯಾಯಿತು. 1852ರಲ್ಲಿ ರೈಲ್ವೆ ಕಂಪನಿಯೇ ಕೊಂಡುಕೊಂಡಿತು. ಪೈಪೋಟಿಗಿದ್ದ ನಾಲೆ ಬಡವಾಯಿತು. ಕಳೆದ ಶತಮಾನದ ನಡುವೆ ಲಾಕುಗಳು ಕೊಳೆತು, ಕೆಲವೆಡೆ ನೀರೇ ಇರಲಿಲ್ಲ. ಮುಚ್ಚುವುದು ಬೇಡ ಎಂದು ಜನ ಮನವಿ ಕೊಟ್ಟರು, ಹಣ ಕೂಡಿಸಿದರು, ರಜೆಯ ದಿನ ಬಂದು ಹೂಳೆತ್ತಿದರು. 1990ರಲ್ಲಿ ಎಲಿಜಬೆತ್ ರಾಣಿ ಮತ್ತೆ ತೆರೆದರು. ದುಡಿಮೆಯ ಕಾಲ ಮುಗಿದ ಮೇಲೂ ಇದು ಇರಲಿ ಎಂದು ಜನ ಹಟ ಹಿಡಿದದ್ದರಿಂದ ಈ ದಾರಿ ಉಳಿಯಿತು.

ನಮ್ಮ ನಾಲೆ ಇನ್ನೂ ದುಡಿಯುತ್ತಿದೆ, ಊರೂರಿಗೆ ಅನ್ನ ಕೊಡುತ್ತಿದೆ. ಅದರ ಏರಿಯನ್ನು ವಿಹಾರಕ್ಕೆ ಬಿಡಿ ಎಂದು ಕೇಳುವುದು ನ್ಯಾಯವಲ್ಲ. ಕಬ್ಬು ಸಾಗಬೇಕು, ಬಸ್ಸು ಬರಬೇಕು. ಆದರೆ ಅಲ್ಲಿ ನಡೆಯುವವರು, ಸೈಕಲ್ ತುಳಿಯುವವರು, ಶಾಲೆಯ ಮಕ್ಕಳು, ಬಟ್ಟೆ ಒಗೆಯಲು ಹೋಗುವ ಹೆಂಗಸರು ಈಗಲೂ ಇದ್ದಾರೆ. ಏರಿ ಮೊದಲು ಅವರದ್ದೇ ಆಗಿತ್ತು.

ಇದನ್ನೆಲ್ಲ ನಾನು ಸುತ್ತಿ ಬಳಸಿ ಹೇಳುತ್ತಿದ್ದೆ. ಅಪ್ಪ ಫ್ಲಾಸ್ಕಿನ ಕಾಫಿ ಮುಗಿಸಿ, ತೂಬಿನ ಲೆಕ್ಕ ಹೇಳುವ ದನಿಯಲ್ಲಿ ಅಂದ: “ನಾಲೆಗೆ ಏರಿ ಎರಡಿರ್ತವೆ ಕಣವ್ವ. ಒಂದ್ರಾಗೆ ಗಾಡಿ ಹೋಗ್ಲಿ, ಗೋಡೆ ಕಟ್ಲಿ. ಇನ್ನೊಂದ ನಮಗೆ ಬುಡ್ಲಿ.”