ಬ್ಯಾಂಕಿನವ್ರು ಕಟ್ಟಿದ ಕಿಮ್ಮತ್ತು

ಮಗ ಸೇಡಂನ್ಯಾಗ ಹೊಸಾ ಮನಿ ನೋಡ್ಯಾನ ಅಂತ ವಾಡಿ ಅಕ್ಕಗ, ಚಿಂಚೋಳಿ ವೈನಿಗೆ ಎಲ್ಲಾರಿಗೂ ಫೋನ್ ಮಾಡಿ ಹೇಳಿ ಮುಗಿಸಿದ್ದೆ. ಗೃಹಪ್ರವೇಶಕ್ಕ ಯಾವ ಸೀರಿ ಅನ್ನೋತನಕ ಮಾತು ಹೋಗಿತ್ತು. ಅಷ್ಟರಾಗ ಬ್ಯಾಂಕಿನಿಂದ ಮಗಗ ಫೋನ್ ಬಂತು. ಮನಿ ಕಿಮ್ಮತ್ತು 27 ಲಕ್ಷ ಬಂದದ, ಸಾಲ ಅದರ ಮ್ಯಾಲೇ ಅಂದ್ರು. ನಾವು ಮಾತಾಡಿದ್ದು 32 ಲಕ್ಷಕ್ಕ.

ಈ ಲೆಕ್ಕ ನನಗೂ ಮೊದ್ಲು ಗೊತ್ತಿರ್ಲಿಲ್ಲ ನೋಡ್ರಿ. 30 ಲಕ್ಷದ ತನಕ ಮನಿ ಸಾಲ ಇದ್ರ ಬ್ಯಾಂಕು ಹೆಚ್ಚಂದ್ರ ಕಿಮ್ಮತ್ತಿನ 90 ಪರ್ಸೆಂಟ್ ಕೊಡಬಹುದು, ಇದು ರಿಸರ್ವ್ ಬ್ಯಾಂಕಿನ ನಿಯಮ. 30 ದಾಟಿ 75 ಲಕ್ಷದ ತನಕ 80. ಆದ್ರ ಯಾವ ಕಿಮ್ಮತ್ತು? ನಾವು ಮಾತಾಡಿದ್ದೊಂದು, ಬ್ಯಾಂಕು ಕಳಿಸಿದ ವ್ಯಾಲ್ಯುಯರ್ ಬರೆದದ್ದೊಂದು. ಎರಡರಾಗ ಕಡಿಮಿ ಇದ್ದದ್ದನ್ನೇ ಹಿಡೀತಾರ. 28 ಲಕ್ಷ 80 ಸಾವಿರ ಬರ್ತದ ಅಂತ ಕುಂತಿದ್ವಿ, 24 ಲಕ್ಷ 30 ಸಾವಿರಕ್ಕ ಇಳೀತು. ಕೈಲಿಂದ ಹಾಕೋದು 3 ಲಕ್ಷ 20 ಸಾವಿರ ಇದ್ದದ್ದು 7 ಲಕ್ಷ 70 ಸಾವಿರ ಆಯ್ತು. ನೋಂದಣಿ ಖರ್ಚು ಬ್ಯಾರೆ.

ಮನಿ ಕಟ್ಟಿದವ್ನಿಗೆ ಕೇಳಿದ್ರ, "ಬ್ಯಾಂಕಿನವ್ರಿಗೆ ನಮ್ಮೂರ ರೇಟ್ ಏನ್ ಗೊತ್ತು? ನಿಮಗ ಆಗಂಗಿಲ್ಲಂದ್ರ ಬಿಡ್ರಿ, ಇನ್ನಿಬ್ರು ಗಿರಾಕಿ ಕಾಯ್ಲಕತ್ತಾರ" ಅಂದ. ಬಿಟ್ರ ಇಸಾರ ಕೊಟ್ಟ 1 ಲಕ್ಷ ವಾಪಸ್ ಇಲ್ಲ ಅಂತನೂ ಅಂದ. ಕರಾರು ಪತ್ರ ತೆಗೆದು ನೋಡಿದ್ವಿ. ಸಾಲ ಕಡಿಮಿ ಬಂದ್ರ ಏನು ಅಂತ ಒಂದು ಸಾಲೂ ಇರ್ಲಿಲ್ಲ. ಸಾಲಾಗಿ ಕಟ್ಟಿದ್ದೇ ನಾಕು ಮನಿ. ಎಂಟರ ತನಕ ಇದ್ರ ರೇರಾ ನೋಂದಣಿನೂ ಬೇಕಿಲ್ಲಂತ. ಹಂಗಾಗಿ ಆ ಕಡಿನೂ ಹೋಗಂಗಿರ್ಲಿಲ್ಲ.

ಅವತ್ತು ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಮ್ಮವ್ವ ಕೊಟ್ಟ ನಾಕು ತೊಲಿ ಪಾಟ್ಲಿ ಅವ. ಅಡವಿಡಮ್ರಿ ಅಂತ ಮನ್ಯಾಗ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಆದ್ರ ನಮ್ಮನಿಯವ್ರು ಎರಡು ಸಲ ನನ್ನ ಕೈ ನೋಡಿದ್ರು. ಮುಂಜಾನಿ ನಾನೇ ತೆಗೆದು ಒರೆಸಲಕ್ಕ ಕುಂತೆ. ಸೊಸಿ ಬಂದು, "ಅತ್ತಿ, ಪಾಟ್ಲಿ ಆಮ್ಯಾಗ ತೆಗೀರಿ. ಮೊದ್ಲು ಆ ರಿಪೋರ್ಟಿನಾಗ ಏನ್ ಬರದದ ಓದಮ್ರಿ" ಅಂದ್ಲು.

ವ್ಯಾಲ್ಯುಯರ್ ಫೀಸು ನಾವೇ ಕಟ್ಟಿದ್ವಿ, ಕಾಪಿ ಕೇಳಲಕ್ಕ ಏನ್ ನಾಚಿಕಿ? ಮೊದಲ ಸಲ ಕೊಡಲಿಲ್ಲ. ಎರಡನೇ ಸಲ ಸೊಸಿ ಅರ್ಜಿ ಬರೆದು ಕೊಟ್ಲು, ಸಿಕ್ತು. ಮನ್ಯಾಗ ಕುಂತು ಒಂದೊಂದೇ ಸಾಲು ಓದಿದ್ವಿ. ಜಾಗಾ ಬ್ಯಾರೆ, ಕಟ್ಟಡ ಬ್ಯಾರೆ ಲೆಕ್ಕ ಹಾಕಿದ್ರು. ಮನಿ ಮುಂದಿನ ರಸ್ತಾ 20 ಫೂಟು ಅಂತ ಬರದಿತ್ತು. ಮಗ, ಸೊಸಿ ಟೇಪು ಹಿಡಕೊಂಡು ಹೋಗಿ ಅಳದ್ರ 30 ಇತ್ತು, ಲೇಔಟ್ ನಕ್ಷಾದಾಗೂ 30. ಇದು ಅವರ ತಪ್ಪು.

ಇನ್ನೊಂದು ಅವರ ತಪ್ಪಲ್ಲ. ಮಾಳಗಿ ಮ್ಯಾಲಿನ ಖೋಲಿ ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಪುರಸಭೆ ಪರವಾನಗಿ ಕೊಟ್ಟ ನಕ್ಷಾದಾಗ ಆ ಖೋಲಿನೇ ಇಲ್ಲ! ನಾವು ಗೋಡಿ ಬಣ್ಣ ನೋಡಿದ್ವಿ, ಅಡಗಿಮನಿ ಕಪಾಟು ತೆಗೆದು ಹಾಕಿ ನೋಡಿದ್ವಿ, ನಾನಂತೂ ಟೈಲ್ಸ್ ಯಾಕ ಹಾಕಿದ್ರಿ, ಶಹಾಬಾದ್ ಫರ್ಸಿ ಹಾಕಿದ್ರ ಬ್ಯಾಸಗ್ಯಾಗ ತಂಪಿರ್ತಿತ್ತು ಅಂತ ಜಗಳಾನೂ ಆಡಿದ್ದೆ. ಪರವಾನಗಿ ನಕ್ಷಾ ಒಬ್ಬರೂ ನೋಡಿರ್ಲಿಲ್ಲ. ಪಾಟ್ಲಿ ಅಡವಿಟ್ಟಿದ್ರ ಕಾಗದದಾಗ ಇಲ್ಲದ ಖೋಲಿಗೆ ರೊಕ್ಕ ಕೊಟ್ಟಂಗ ಆಗ್ತಿತ್ತು.

ರಸ್ತಾದ್ದು ತಿದ್ರಿ ಅಂತ ಬ್ಯಾಂಕಿಗೆ ಅರ್ಜಿ ಕೊಟ್ವಿ. ಖೋಲಿ ಸೇರಿಸಿ ನಕ್ಷಾ ಮಂಜೂರು ಮಾಡಿಸ್ರಿ, ಇಲ್ಲಂದ್ರ ರೇಟ್ ಇಳಸ್ರಿ ಅಂತ ಕಟ್ಟಿದವ್ನಿಗೆ ಹೇಳಿದ್ವಿ. ಅವ ಸಿಟ್ಟಿಗೆದ್ದು ಫೋನ್ ಇಟ್ಟ. ಅವನ ಮಗ್ಗಲಿದ್ದ ಒಬ್ಬವ, ಕಡಿಮಿ ಬಿದ್ದದ್ದಕ್ಕ ಪರ್ಸನಲ್ ಲೋನ್ ಕೊಡಿಸ್ತೀನಿ ಅಂತ ಮಗನ ಹಿಂದ ಬಿದ್ದ. ಎರಡು ಕಂತು ಕಟ್ಟೋದು ಹ್ಯಾಂಗ ಅಂತ ಸೊಸಿ ಬಾಗಲಾದಾಗೇ ಕೇಳಿ ಕಳಿಸಿದ್ಲು.

ಅಷ್ಟೊತ್ತಿಗೆ ಆಷಾಢ ಹತ್ತಿತು. ಇದು ನಮ್ಮ ದೈವ ಅನ್ರಿ. ನಮ್ಮ ಕಡಿ ಆಷಾಢದಾಗ ಯಾರ್ ಹೊಸಾ ಮನಿ ತಗೊಳ್ತಾರ? ಆ ಇಬ್ರು ಗಿರಾಕಿ ಎಲ್ಲಿ ಹೋದ್ರೋ ಗೊತ್ತಿಲ್ಲ. ನಾನು ತಡೀಲಾರ್ದೆ ಎರಡು ಸಲ ಆ ಓಣಿಗೆ ಹೋಗಿ ಬಂದೆ, ಬೀಗ ಹಂಗೇ ಇತ್ತು. ಇಸಾರದ 1 ಲಕ್ಷ ಹೋಯ್ತು ಅಂತನೇ ತಿಳ್ಕೊಂಡಿದ್ದೆ. ಶ್ರಾವಣದ ಎರಡನೇ ಸೋಮವಾರ ಅವನೇ ಫೋನ್ ಮಾಡಿದ.

ನಕ್ಷಾ ಅವನೇ ಮಂಜೂರು ಮಾಡಿಸಿದ. ಬ್ಯಾಂಕಿನವ್ರು ಮತ್ತೊಮ್ಮೆ ಬಂದು ನೋಡಿ 29 ಲಕ್ಷ 20 ಸಾವಿರ ಕಟ್ಟಿದ್ರು. ಎಳದಾಡಿ ಎಳದಾಡಿ ಅವ 30ಕ್ಕ ಬಂದ. ಸಾಲ 26 ಲಕ್ಷ 28 ಸಾವಿರ ಸಿಕ್ತು, ಕೈಲಿಂದ 3 ಲಕ್ಷ 72 ಸಾವಿರ. ಮೊದ್ಲು ಅಂದ್ಕೊಂಡಿದ್ದಕ್ಕಿಂತ 52 ಸಾವಿರ ಹೆಚ್ಚೇ, ತೊಗರಿ ಮಾರಿದ ರೊಕ್ಕದಾಗ ಸಂಭಾಳಿಸಿದ್ವಿ.

ಈಗ ವಾಡಿ ಅಕ್ಕನ ಮಗ ಶಹಾಬಾದಿನಾಗ ಮನಿ ನೋಡ್ಲಕತ್ತಾನ. ಇಸಾರ ಕೊಡೋಕಿಂತ ಮೊದ್ಲು ಪರವಾನಗಿ ನಕ್ಷಾ ಕೇಳು, ಬ್ಯಾಂಕಿನ ಕಿಮ್ಮತ್ತು ಕಡಿಮಿ ಬಂದ್ರ ಇಸಾರ ವಾಪಸ್ ಅಂತ ಕರಾರಿನಾಗ ಬರಸ್ಕೋ ಅಂತ ಹೇಳೀನಿ. "ಹಂಗ ಬರಸ್ರಿ ಅಂದ್ರ ಅವ್ರು ಸಿಟ್ಟಾಗ್ತಾರ ಚಿಕ್ಕಮ್ಮ" ಅಂದ. ಸಿಟ್ಟಾದ್ರ ಆಷಾಢ ಬರೋತನಕ ಕಾಯಿ ಅಂದೆ.