ಸೀಸೆಯೊಳಗಿನ ಕೆಂಪು ಬಾಳೆ

ಊರು ಬಿಟ್ಟು ಹೈದರಾಬಾದಿಗೆ ಬಂದ ನಮ್ಮವರು ಜೊತೆಯಲ್ಲಿ ಏನೇನು ತಂದರೆಂದು ಪಟ್ಟಿ ಮಾಡಹೊರಟರೆ ರೊಟ್ಟಿಯ ಹಂಚು, ಮನೆದೇವರ ಪಟ, ಶೇಂಗಾ ಚಟ್ನಿಯ ಡಬ್ಬಿ, ಇವು ಮೊದಲು ನೆನಪಿಗೆ ಬರುತ್ತವೆ. ಗಿಡಗಳು ಬರುವುದು ಪಟ್ಟಿಯ ಕೊನೆಗೆ. ಕಾಚಿಗುಡ, ಬರ್ಕತ್‌ಪುರಗಳ ಹಳೆಯ ಹಿತ್ತಲುಗಳನ್ನು ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಲಬುರ್ಗಿ, ರಾಯಚೂರು, ಬೀದರಗಳು ೧೯೫೬ರ ನವೆಂಬರ್ ೧ರವರೆಗೆ ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುವು. ಆಗ ಬಂದವರು ಪರನಾಡಿಗೆ ಬಂದವರಲ್ಲ, ತಮ್ಮ ರಾಜಧಾನಿಗೆ ಬಂದವರು. ನೌಕರಿಗೆಂದೋ ಓದಿಗೆಂದೋ ರೈಲು ಹತ್ತುವಾಗ ಗೋಣಿಚೀಲದಲ್ಲಿ ಮಣ್ಣುಸಹಿತ ಒಂದು ಗಿಡವನ್ನೂ ಕಟ್ಟಿಕೊಳ್ಳುವುದು ಅವರಿಗೆ ದೊಡ್ಡ ಮಾತಾಗಿರಲಿಲ್ಲ.

ಹಾಗೆ ಬಂದ ಬಾಳೆಯ ಒಂದು ಹಿಂಡು ಕಾಚಿಗುಡದಲ್ಲಿ ನಮಗೆ ಪರಿಚಯದ ಕಾಕು ಒಬ್ಬರ ಹಿತ್ತಲಲ್ಲಿತ್ತು. ಕಮಲಾಪುರದ ಕೆಂಪು ಬಾಳೆ. ಅವರ ಮಾವನವರು ತಂದು ನೆಟ್ಟದ್ದು. ಹೋದ ವರ್ಷ ಆ ಮನೆಯನ್ನು ಕೆಡವಿ ಫ್ಲಾಟು ಕಟ್ಟುವುದೆಂದು ಗೊತ್ತಾಯಿತು. ದೀಪಾವಳಿ ಕಳೆದೊಡನೆ ಪಾಯ ತೋಡುವವರು ಬರತಕ್ಕವರಿದ್ದರು. ಕಾಕುವಿಗೆ ಮನೆಯ ಚಿಂತೆಗಿಂತ ಬಾಳೆಯ ಚಿಂತೆ ಹೆಚ್ಚಾಯಿತು. “ಮರಿ ಮೂರೇ ಅವ, ಮಕ್ಕಳ ಮನಿ ಆರು. ಯಾರಿಗಿ ಕೊಡ್ಲಿ, ಯಾರಿಗಿ ಬಿಡ್ಲಿ?” ಎಂದು ಕೇಳಿದರು. ಆ ಮೂರರಲ್ಲಿಯೂ ನೆಡಲು ಯೋಗ್ಯವಾದದ್ದು ಒಂದೇ, ಉಳಿದೆರಡು ಗೇಣುದ್ದದವು. ಆರು ಮನೆಗಳಲ್ಲಿ ಆ ಕ್ಷಣಕ್ಕೆ ನೆಲ ಹಸನು ಮಾಡಿಕೊಂಡು ಕಾದಿದ್ದವರು ಒಬ್ಬರೂ ಇರಲಿಲ್ಲ.

ನಾವು ದಂಪತಿಗಳು ಕೆಲವು ವರ್ಷಗಳಿಂದ ಮನೆಯಲ್ಲಿ ಒಂದು ಹವ್ಯಾಸ ಇಟ್ಟುಕೊಂಡಿದ್ದೇವೆ. ಅದಕ್ಕೆ ಪುಸ್ತಕದ ಹೆಸರು ಅಂಗಾಂಶ ಕೃಷಿ. ರೈತರು ಟಿಷ್ಯೂ ಕಲ್ಚರ್ ಎನ್ನುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬರು ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ಇನ್ನೊಬ್ಬರು ಲೆಕ್ಕಪತ್ರದವರು. ಒಬ್ಬರು ಕತ್ತರಿಸುತ್ತಾರೆ, ಇನ್ನೊಬ್ಬರು ಸೀಸೆಗಳಿಗೆ ತಾರೀಖಿನ ಚೀಟಿ ಅಂಟಿಸುತ್ತಾರೆ. ಗಿಡದ ಒಂದು ಚೂರನ್ನು ಸೂಕ್ಷ್ಮಜೀವಿಗಳಿಲ್ಲದ ಸೀಸೆಯಲ್ಲಿಟ್ಟು ತಕ್ಕ ಆಹಾರ ಕೊಟ್ಟರೆ ಆ ಚೂರೇ ಗಿಡವಾಗುತ್ತದೆ ಎಂಬುದು ಇದರ ಸಾರ. ಜೀವಕೋಶವನ್ನು ಹೀಗೆ ಬೇರೆಯಾಗಿ ಬೆಳೆಸಬಹುದೆಂದು ೧೯೦೨ರಲ್ಲಿ ಊಹಿಸಿದವನು ಹಾಬರ್ಲಾಂಟ್ ಎಂಬ ವಿಜ್ಞಾನಿ. ಅವನ ಕೈಯಲ್ಲಿ ಅದು ಆಗಲಿಲ್ಲ. ೧೯೪೧ರಲ್ಲಿ ತೆಂಗಿನಕಾಯಿಯ ನೀರು ದತ್ತೂರಿಯ ಎಳೆಯ ಭ್ರೂಣವನ್ನು ಸೀಸೆಯಲ್ಲಿ ಬೆಳೆಸಬಲ್ಲದೆಂದು ತಿಳಿಯಿತು. ೧೯೬೨ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಎಂಬಿಬ್ಬರು ಲವಣಗಳ ಒಂದು ಪಾಕವನ್ನು ಗೊತ್ತುಮಾಡಿದರು. ಇಂದಿಗೂ ಅದೇ ಚಾಲ್ತಿಯಲ್ಲಿದೆ. ೧೯೬೪ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹಾ ಮತ್ತು ಎಸ್. ಸಿ. ಮಾಹೇಶ್ವರಿ ದತ್ತೂರಿಯ ಪರಾಗಕೋಶದಿಂದಲೇ ಸಸಿ ಎಬ್ಬಿಸಿ ಲೋಕವನ್ನು ಬೆರಗುಗೊಳಿಸಿದರು. ಬೇಲಿಯ ದತ್ತೂರಿಗೆ ಇಷ್ಟು ಮರ್ಯಾದೆ ಮತ್ತೆಲ್ಲಿಯೂ ಸಿಕ್ಕಿರಲಾರದು.

ಈ ಕೆಲಸಕ್ಕೆ ಬೇಕಾದ ಸಾಮಾನಿನ ಅರ್ಧಪಾಲು ಬೇಗಂ ಬಜಾರಿನಲ್ಲಿ ದೊರೆಯುತ್ತದೆಂದರೆ ವಾಚಕರು ನಂಬುವುದು ಕಷ್ಟ. ಪಾತ್ರೆಗಳ ಸಾಲು, ಒಣಹಣ್ಣಿನ ಸಾಲು, ಮಸಾಲೆಯ ಸಾಲು, ನಡುವೆ ತಲೆಯ ಮೇಲೆ ಮೂಟೆ ಹೊತ್ತವರ “ಜರಾ ಹಟೋ” ಎಂಬ ಕೂಗು, ಇವನ್ನೆಲ್ಲ ದಾಟಿ ನಾವು ಕೊಂಡದ್ದು ಚೈನಾ ಗ್ರಾಸ್ ಮತ್ತು ಅಗಲ ಬಾಯಿಯ ಗಾಜಿನ ಸೀಸೆಗಳು. ಚೈನಾ ಗ್ರಾಸ್ ಎಂದರೆ ಕಡಲಪಾಚಿಯಿಂದ ತೆಗೆದ ಅಗರ್. ಅಂಗಡಿಯವರು ನಮ್ಮನ್ನು ಪುಡ್ಡಿಂಗ್ ಮಾಡುವ ಕೇಟರಿಂಗಿನವರೆಂದು ತಿಳಿದು ಎಷ್ಟು ಜನರ ಊಟ ಎಂದು ವಿಚಾರಿಸಿದರು. ಒಂದು ಲೀಟರ್ ಪಾಕಕ್ಕೆ ಅಗರ್ ೮ ಗ್ರಾಂ, ಸಕ್ಕರೆ ೩೦ ಗ್ರಾಂ, ಮುರಾಶಿಗೆ–ಸ್ಕೂಗರ ಸಿದ್ಧ ಪುಡಿ ೪.೪ ಗ್ರಾಂ, ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಚಿಗುರೊಡೆಸುವ ಬೆಂಜೈಲ್ ಅಡೆನಿನ್ ಎಂಬ ಔಷಧಿ ಕೆಲವೇ ಮಿಲಿಗ್ರಾಂ. ಅದನ್ನೂ ಆ ಪುಡಿಯನ್ನೂ ಪ್ರಯೋಗಶಾಲೆಗಳಿಗೆ ಸರಕು ಒದಗಿಸುವವರಿಂದ ತರಿಸಬೇಕು. ಪಾಕದ ಹುಳಿ ೫.೮ಕ್ಕೆ ನಿಲ್ಲುವಂತೆ ಪಿಎಚ್ ಕಾಗದದಿಂದ ನೋಡಿಕೊಂಡು, ಸೀಸೆಗಳಿಗೆ ಹೊಯ್ದು, ಪ್ರೆಷರ್ ಕುಕ್ಕರಿನಲ್ಲಿಟ್ಟು, ಸೀಟಿ ಬಂದ ಮೇಲೆ ೨೦ ನಿಮಿಷ ಬೇಯಿಸಿದರೆ ಆಯಿತು. ೧೫ ಪೌಂಡ್ ಒತ್ತಡದಲ್ಲಿ ಉಷ್ಣತೆ ೧೨೧ ಡಿಗ್ರಿಗೆ ಏರುತ್ತದೆ. ಮಾಮೂಲು ಕುದಿತಕ್ಕೆ ಬಗ್ಗದ ಸೂಕ್ಷ್ಮಜೀವಿಗಳೂ ಅಲ್ಲಿ ಉಳಿಯುವುದಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದು ಹೇಗೆ ನಡೆಯುತ್ತದೆಂದು ನೋಡಲು ಪರಿಚಿತರೊಬ್ಬರ ಮೂಲಕ ಶಾಮೀರ್‌ಪೇಟೆಯ ಕಡೆಯ ಒಂದು ಖಾಸಗಿ ಪ್ರಯೋಗಶಾಲೆಗೂ ಹೋಗಿಬಂದೆವು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು, ಟೋಪಿ ತೊಡಿಸಿದರು. ದೇವಸ್ಥಾನಕ್ಕಿಂತ ಮಡಿ ಹೆಚ್ಚು. ಶೋಧಿಸಿದ ಗಾಳಿ ಸದಾ ಬೀಸುವ ಪೆಟ್ಟಿಗೆಗಳ ಮುಂದೆ ಹೆಣ್ಣುಮಕ್ಕಳು ಸಾಲಾಗಿ ಕುಳಿತು, ಹೂ ಕಟ್ಟುವಷ್ಟು ಸಲೀಸಾಗಿ ಬಾಳೆಯ ಚಿಗುರನ್ನು ಸೀಳಿ ಸೀಳಿ ಸೀಸೆಗಿಡುತ್ತಿದ್ದರು. ಒಳಕೋಣೆಯಲ್ಲಿ ದೀಪದ ಅಟ್ಟಣಿಗೆಗಳ ಮೇಲೆ ಸಾವಿರಾರು ಸೀಸೆ. ಅಲ್ಲಿಯ ಮೇಲ್ವಿಚಾರಕರು ನಮಗೆ ಒಂದು ಹಿತವಚನ ಹೇಳಿದರು: ಮನೆಗೆ ಬೆಳೆಸಿಕೊಳ್ಳಿ, ಮಾರಬೇಡಿ. ಕಾರಣವುಂಟು. ಬಾಳೆಗೆ ತಗಲುವ ವೈರಸ್ ರೋಗಗಳು ತುದಿಮೊಗ್ಗಿನೊಡನೆ ಸೀಸೆಗೂ ಬರಬಹುದು. ಒಂದು ರೋಗಿಷ್ಠ ಮೊಗ್ಗು ಸಾವಿರ ಸಸಿಯಾದರೆ ಸಾವಿರವೂ ರೋಗಿಷ್ಠವೇ. ಇದನ್ನು ತಡೆಯಲೆಂದೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ೨೦೦೬ರಿಂದ ಇಂಥ ಸಸಿಗಳಿಗೆ ಪರೀಕ್ಷೆ ಮತ್ತು ಪ್ರಮಾಣಪತ್ರದ ಏರ್ಪಾಡು ಮಾಡಿದೆ.

ನಮ್ಮ ಮನೆಯಲ್ಲಿ ಗಾಳಿಯ ಪೆಟ್ಟಿಗೆಯಿಲ್ಲ. ಮೊಮ್ಮಗನ ಮೀನಿನ ಗಾಜಿನ ತೊಟ್ಟಿಯನ್ನು ಮಗ್ಗುಲಾಗಿ ಮಲಗಿಸಿ, ಒಳಗೆಲ್ಲ ಸ್ಪಿರಿಟಿನಿಂದ ಒರೆಸಿ, ಫ್ಯಾನು ನಿಲ್ಲಿಸಿ, ಅದರೊಳಗೆ ಕೈಯಿಟ್ಟು ಕೆಲಸ ಮಾಡುತ್ತೇವೆ. ಸ್ಪಿರಿಟ್ ಇರುವ ಕಡೆ ದೀಪ ಕೂಡದು. ಚಾಕು ಚಿಮುಟಗಳನ್ನು ಮೊದಲೇ ಕುಕ್ಕರಿನಲ್ಲಿ ಬೇಯಿಸಿಟ್ಟುಕೊಳ್ಳುವುದು ಲೇಸು. ಕಾಕುವಿನ ಮೂರು ಮರಿಗಳನ್ನು ತೊಳೆದು, ಪದರ ಪದರವಾಗಿ ಬಿಡಿಸಿ, ಒಳಗಿನ ಬೆರಳ ತುದಿಯಷ್ಟು ಬಿಳಿಯ ಮೊಗ್ಗನ್ನು ಬ್ಲೀಚಿನ ನೀರಿನಲ್ಲಿ ಅದ್ದಿ, ಕಾಯಿಸಿ ಆರಿಸಿದ ನೀರಿನಲ್ಲಿ ಮೂರು ಸಲ ಜಾಲಿಸಿ, ಎರಡೆರಡಾಗಿ ಸೀಳಿ ಆರು ಸೀಸೆಗಳಲ್ಲಿಟ್ಟೆವು. ನೋಡಲು ಬಂದ ಕಾಕು ಅಟ್ಟಣಿಗೆಯ ಮುಂದೆ ನಿಂತು, “ಅಯ್ಯ, ಬಾಳಿಮರೀನ ಉಪ್ಪಿನಕಾಯಿ ಹಾಕಿದಂಗ ಹಾಕೀರಲ್ಲ!” ಎಂದರು. ಹಿತ್ತಲಲ್ಲಿ ಆಗಲೇ ಪಾಯದ ಗೆರೆ ಎಳೆದಿದ್ದರು.

ಹತ್ತು ದಿನಗಳಲ್ಲಿ ನಾಲ್ಕು ಸೀಸೆ ಬೂಷ್ಟು ಹಿಡಿದು ಹೋದುವು. ಮನೆಯ ಕೆಲಸದಲ್ಲಿ ಇದು ಮಾಮೂಲು. ಉಳಿದೆರಡರ ಮೇಲೆ ಆ ಮನೆತನದ ಬಾಳೆಯೆಲ್ಲ ನಿಂತಿತು. ಏಕೆಂದರೆ ತಿನ್ನುವ ಬಾಳೆಗೆ ಬೀಜವಿಲ್ಲ. ಪಟಾಂಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಜೋಳ, ತೊಗರಿ, ಕಡಲೆ, ಶೇಂಗಾಗಳ ಸಾವಿರಾರು ತಳಿಗಳ ಬೀಜವನ್ನು ತಣ್ಣಗಿನ ಕೋಣೆಯಲ್ಲಿ ಕಾಪಾಡಿದ್ದಾರೆ. ಬಾಳೆಯನ್ನು ಹಾಗೆ ಇಡಲು ಬರುವುದಿಲ್ಲ. ಬೆಲ್ಜಿಯಂ ದೇಶದ ಲೂವೆನ್ ವಿಶ್ವವಿದ್ಯಾಲಯದಲ್ಲಿ ೧,೫೦೦ಕ್ಕೂ ಮೀರಿದ ಬಾಳೆಯ ತಳಿಗಳನ್ನು ಕಾಯ್ದಿಟ್ಟಿರುವುದು ಇಂಥ ಗಾಜಿನ ನಳಿಗೆಗಳಲ್ಲಿಯೇ. ಬಾಳೆ ಕೈಯಿಂದ ಕೈಗೆ ದಾಟಿದರೆ ಉಂಟು, ಒಂದು ಕೈ ಬಿಟ್ಟರೆ ಇಲ್ಲ. ನಂಜನಗೂಡಿನ ರಸಬಾಳೆ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಅದರ ಹೊಲಗಳಿಂದಲೇ ಹೆಚ್ಚುಕಡಿಮೆ ಮರೆಯಾದದ್ದನ್ನು ಕಂಡವರಿಗೆ ಇದು ಬರಿಯ ಮಾತಲ್ಲ. ಸೀಸೆಯ ಸಸಿ ಆ ರೋಗಕ್ಕೆ ಜಗ್ಗುವುದಿಲ್ಲವೆಂದು ಹೇಳುವವರುಂಟು, ಅದು ತಪ್ಪು. ಸಸಿ ಮಣ್ಣಿನ ರೋಗವನ್ನು ಹೊತ್ತು ತರುವುದಿಲ್ಲ, ಅಷ್ಟೆ. ರೋಗವಿರುವ ಮಣ್ಣಿಗೆ ನೆಟ್ಟರೆ ಅದೂ ಸೊರಗುತ್ತದೆ.

ತಿಂಗಳಿಗೊಮ್ಮೆ ಚಿಗುರುಗಳನ್ನು ಬಿಡಿಸಿ ಹೊಸ ಪಾಕಕ್ಕೆ ದಾಟಿಸುತ್ತ ಬಂದೆವು. ಎರಡು ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು. ಏಪ್ರಿಲಿನ ಹೊತ್ತಿಗೆ ಲೆಕ್ಕದವರ ವಹಿಯಲ್ಲಿ ೩೧ ಚಿಗುರು. ಅಲ್ಲಿಗೆ ನಿಲ್ಲಿಸಿದೆವು. ಆಸೆಪಟ್ಟು ಎಂಟು ಹತ್ತು ಸಲ ಬಿಡಿಸಿದರೆ ವಿಕಾರದ ಸಸಿಗಳು ಹೆಚ್ಚುತ್ತವೆ. ಕೆಂಪು ಬಾಳೆಗಂತೂ ಹಸಿರು ಬಣ್ಣಕ್ಕೆ ತಿರುಗುವ ಚಾಳಿ ಮೊದಲೇ ಉಂಟು. ಮೇ ತಿಂಗಳಲ್ಲಿ ಚಿಗುರುಗಳು ಬೇರು ಬಿಟ್ಟವು.

ನಿಜವಾದ ಕಷ್ಟ ಇರುವುದು ಸೀಸೆಯ ಹೊರಗೆ. ಒಳಗೆ ಹುಟ್ಟಿದ ಎಲೆಗೆ ಮೇಣದ ಹೊದಿಕೆ ತೆಳು. ಸುತ್ತ ಸದಾ ತೇವವಿದ್ದುದರಿಂದ ನೀರನ್ನು ಹಿಡಿದಿಟ್ಟುಕೊಳ್ಳುವುದನ್ನೇ ಅದು ಕಲಿತಿರುವುದಿಲ್ಲ. ಹೈದರಾಬಾದಿನ ಮೇ ತಿಂಗಳ ಒಣಗಾಳಿಗೆ ಒಡ್ಡಿದರೆ ಒಂದು ಮಧ್ಯಾಹ್ನ ಸಾಕು. ಆದ್ದರಿಂದ ಮೃಗಶಿರಾ ಮಳೆ ಬೀಳುವವರೆಗೆ ಕಾದೆವು. ಜೂನಿನಲ್ಲಿ ಸಸಿಗಳನ್ನು ಹೊರತೆಗೆದು, ಬೇರಿಗಂಟಿದ ಅಗರನ್ನು ತೊಳೆದು, ತೆಂಗಿನ ನಾರಿನ ಪುಡಿ ತುಂಬಿದ ಲೋಟಗಳಲ್ಲಿ ನೆಟ್ಟು, ಮೇಲೆ ಪಾರದರ್ಶಕ ಡಬ್ಬಿ ಕವುಚಿದೆವು. ಮೊದಲ ವಾರ ಮುಚ್ಚಿಯೇ. ಎರಡನೆಯ ವಾರ ದಿನಕ್ಕೆ ಅರ್ಧ ಗಂಟೆ ತೆರೆದು. ಆರನೆಯ ವಾರಕ್ಕೆ ಮುಚ್ಚಳವಿಲ್ಲದೆ. ಮೇಲೆ ಮತ್ತೆ ಆರು ವಾರ ಬಾಲ್ಕನಿಯ ಹಸಿರು ಪರದೆಯ ನೆರಳು. ೩೧ರಲ್ಲಿ ಉಳಿದದ್ದು ೧೪.

ಅಕ್ಟೋಬರಿನಲ್ಲಿ ಎಂಟು ಸಸಿಗಳನ್ನು ಹಣ್ಣಿನ ಬುಟ್ಟಿಗಳಲ್ಲಿ ಜೋಡಿಸಿ, ಕಾಕುವನ್ನೂ ಕೂಡಿಸಿಕೊಂಡು ಕಮಲಾಪುರಕ್ಕೆ ಹೊರಟೆವು. ಸಂಗಾರೆಡ್ಡಿ, ಜಹೀರಾಬಾದ್, ಹುಮನಾಬಾದ. ದಾರಿ ಇನ್ನೂರು ಕಿಲೋಮೀಟರಿಗೆ ಒಳಗೆ. ಜಹೀರಾಬಾದಿನ ಕಬ್ಬಿನ ಗದ್ದೆಗಳು ಹಿಂದೆ ಬಿದ್ದು ಗಡಿ ದಾಟುತ್ತಲೂ ಬೋರ್ಡುಗಳು ಕನ್ನಡವಾದುವು. ಮಾತು ಮಾತ್ರ ಮೊದಲಿನಂತೆ ಎರಡೂ ಭಾಷೆ ಬೆರೆತೇ ಇತ್ತು. ಹುಮನಾಬಾದದಲ್ಲಿ ಚಹಾಕ್ಕೆ ಇಳಿದಾಗಲೂ ಕಾಕು ಸಸಿಗಳಿಗೆ ಬಿಸಿಲು ತಾಗಿತೆಂದು ಕಾರಿನ ಬಳಿಯೇ ಸೆರಗು ಹಿಡಿದು ನಿಂತಿದ್ದರು.

ಕಮಲಾಪುರದ ಕೆಂಪು ಬಾಳೆಗೆ ಇಂದು ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಹಣ್ಣಿಗೆ ಒಳ್ಳೆಯ ಬೆಲೆಯೂ ಇದೆ. ಆದರೂ ಸುಮಾರು ಒಂದೂವರೆ ವರ್ಷ ನೀರು ಗೊಬ್ಬರ ಉಣಿಸಿ ಗೊನೆಗೆ ಕಾಯಬೇಕಾದ ಬೆಳೆಯಿದು, ತಾಳ್ಮೆ ಬೇಡುತ್ತದೆ. ಕಾಕುವಿನ ತಮ್ಮನ ಮಗ ಸಸಿಗಳನ್ನು ತಿರುವಿ ತಿರುವಿ ನೋಡಿ, ತೋಟದೊಳಗೆ ಸೇರಿಸದೆ ಬಾವಿಯ ಪಕ್ಕ ಬೇರೆ ಮಡಿ ಮಾಡಿದರು. “ಅತ್ತಿ, ಒಂದ್ ವರ್ಷ ಇಲ್ಲೇ ಇರ್ಲಿ. ರೋಗ ಇಲ್ಲಂತ ಕಂಡಮ್ಯಾಲ ಒಳಗ ತಗೊಳ್ತೀನಿ” ಎಂದರು. ಕಾಕುವಿನ ಮುಖ ಕ್ಷಣಕಾಲ ಸಣ್ಣದಾಯಿತು. ಅವರ ಮಾವ ಅಲ್ಲಿಂದ ತಂದ ಗಿಡವೇ ತಿರುಗಿ ಅಲ್ಲಿಗೆ ಬಂದಾಗ ಪರಕೀಯವಾಯಿತಲ್ಲ! ಆದರೆ ಆ ರೈತರು ಮಾಡಿದ್ದು ಸರಿ. ನಮ್ಮ ಮನೆಯ ಸಸಿಗೆ ವೈರಸ್ ಪರೀಕ್ಷೆಯಾಗಿರಲಿಲ್ಲ. ಕಾಕು ತಾವೇ ಬಗ್ಗಿ ಎಂಟೂ ಗುಣಿಗೆ ಮಣ್ಣು ಎಳೆದರು.

ಉಳಿದ ಆರರಲ್ಲಿ ನಾಲ್ಕು ಕಾಕುವಿನ ಮಕ್ಕಳ ಮನೆಗೆ ಹೋಗಿವೆ. ಒಂದು ಐದನೆಯ ಅಂತಸ್ತಿನ ತಾರಸಿಯಲ್ಲಿ ನೀಲಿ ಡ್ರಮ್ಮಿನೊಳಗಿದೆ. ಇನ್ನಿಬ್ಬರು ಮಕ್ಕಳು ಕಮಲಾಪುರದ ಮಡಿಯಲ್ಲೇ ತಮ್ಮ ಪಾಲು ಬೆಳೆಯಲೆಂದರು. ಹೀಗಾಗಿ ಎರಡು ಸಸಿ ನಮ್ಮ ಬಾಲ್ಕನಿಯಲ್ಲಿ ಮಿಕ್ಕಿವೆ. ಎರಡು ಮೀಟರ್ ಚೌಕದ ನೆಲ, ಅರ್ಧ ದಿನಕ್ಕೆ ಕಡಮೆಯಿಲ್ಲದ ಬಿಸಿಲು, ಬೇಸಿಗೆಯಲ್ಲಿ ತಪ್ಪದ ನೀರು, ಹತ್ತಿರದಲ್ಲಿ ಬೇರೆ ಬಾಳೆಯ ತೋಟವಿಲ್ಲದ ಜಾಗ, ಇಷ್ಟು ಇರುವ ಸಂಘದ ಸದಸ್ಯರು ಬಂದು ಒಯ್ಯಬಹುದು. ಮರಿ ಬಂದಾಗ ಒಂದನ್ನು ಇನ್ನೊಂದು ಮನೆಗೆ ಕೊಡಬೇಕೆಂಬುದೇ ಅದರ ಬೆಲೆ.